ದೀಪ ಕೀಳಲು ಒಪ್ಪದ ಮನುಷ್ಯ

ಅವರು ತೀರಿಕೊಂಡು ಆಗಲೇ ಹದಿನೈದು ದಿನವಾಗಿತ್ತು. ನನಗೆ ಗೊತ್ತಾದದ್ದು ಟೈರಿಗೆ ಗಾಳಿ ಹಾಕಿಸಲು ನಿಂತಾಗ. ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಅವರ ಅಂಗಡಿಗೆ ಒತ್ತಿಕೊಂಡಂತೆ ಒಂದು ಪಂಕ್ಚರ್ ಅಂಗಡಿಯಿದೆ. ಅದರ ಮಾಲೀಕ ಗಾಳಿಯ ಪೈಪನ್ನು ಚಕ್ರಕ್ಕೆ ಒತ್ತಿ ಹಿಡಿದುಕೊಂಡೇ, "ನಿಮ್ಮ ವೈರಿಂಗ್ ಮೇಷ್ಟ್ರು ಹೋಗ್ಬಿಟ್ರಲ್ಲ ಡಾಕ್ಟ್ರಮ್ಮ. ಗೊತ್ತಾಗ್ಲಿಲ್ವಾ?" ಎಂದ.

ಕೇಳಿದ ಕೂಡಲೇ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಈ ಮನುಷ್ಯ ಜೀವಮಾನದಲ್ಲಿ ಒಂದು ಕೆಲಸವನ್ನಾದರೂ ಹೇಳಿ ಕೇಳಿ ಮಾಡಿದ್ದುಂಟೇ ಎಂಬ ಸಿಟ್ಟು. ಹಿಂದಿನ ತಿಂಗಳು ಫೋನಿನಲ್ಲಿ ಸಿಕ್ಕಿದ್ದಾಗ ಅರ್ಧ ಗಂಟೆ ಮಾತಾಡಿದ್ದರು. ಪೂರ್ತಿ ಅರ್ಧ ಗಂಟೆ ನನ್ನ ಕಾರಿನ ಹಾರ್ನ್ ಬಗ್ಗೆ. ತಮ್ಮ ಎದೆನೋವಿನ ಬಗ್ಗೆ ಒಂದು ಮಾತಿಲ್ಲ.

ಮೇಷ್ಟ್ರು ಎಂದರೆ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಕಾರುಗಳ ಎಲೆಕ್ಟ್ರಿಷಿಯನ್. ಸಾಮಾನ್ಯ ಮೆಕ್ಯಾನಿಕ್‌ಗಳು ಕೈಚೆಲ್ಲಿದ ಗಾಡಿಗಳು ಅವರಲ್ಲಿಗೆ ಬರುತ್ತಿದ್ದವು. ಗಿರಾಕಿಗಳಿಗೆ ಅವರು ಪರೀಕ್ಷೆಯ ಹಾಗೆ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಬಿಡದೆ ಕೂರಿಸುತ್ತಿದ್ದುದರಿಂದ ಆ ಹೆಸರು ಬಂದಿತ್ತು.

ನಾನು ಈ ತಾಲ್ಲೂಕಿನ ಹಳ್ಳಿಯೊಂದರ ಪಶು ಆಸ್ಪತ್ರೆಯಲ್ಲಿ ವೈದ್ಯೆ. ದಾವಣಗೆರೆಯವಳು, ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಕುರಿಮಂದೆ ಎಲ್ಲಿ ಬೀಡುಬಿಟ್ಟಿದೆಯೋ ಅಲ್ಲಿಗೆ ಹೋಗಬೇಕಾದ ಕೆಲಸ. ಅದಕ್ಕೆಂದು ಒಂದು ಹಳೆಯ ಪೆಟ್ರೋಲ್ ಕಾರು ತೆಗೆದುಕೊಂಡಿದ್ದೆ. ಕೊಂಡು ಒಂದು ತಿಂಗಳಾಗಿರಲಿಲ್ಲ, ಸ್ಟೇರಿಂಗಿನ ಹಿಂದೆ ಎಂಜಿನ್ನಿನ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಗಾಡಿ ಸರಿಯಾಗಿಯೇ ಓಡುತ್ತಿತ್ತು. ದೀಪ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿತ್ತು.

ಮೊದಲನೆಯ ಮೆಕ್ಯಾನಿಕ್ ಸ್ಕ್ಯಾನರ್ ಎಂಬ ಯಂತ್ರವನ್ನು ಚುಚ್ಚಿ ನೋಡಿ, "ಏನೂ ತೋರಿಸ್ತಿಲ್ಲ ಮೇಡಂ, ಆದ್ರೂ ಒಂದು ಸೆನ್ಸರ್ ಬದಲಾಯಿಸಿಬಿಡೋಣ" ಎಂದು ಬದಲಾಯಿಸಿದ. ದೀಪ ಹಾಗೆಯೇ ಇತ್ತು. ಎರಡನೆಯವನು ಇನ್ನೊಂದು ಸೆನ್ಸರ್ ಹಾಕಿದ. ಮೂರನೆಯವನು ಪ್ರಾಮಾಣಿಕ. "ಗಾಡಿ ಚೆನ್ನಾಗೈತೆ, ದೀಪಾನೇ ಕಿತ್ತಾಕ್ತೀನಿ ಬಿಡ್ರಿ" ಎಂದ. ನಾನು ಹೂಂ ಎನ್ನುವವಳಿದ್ದೆ. ಅಲ್ಲೇ ಟೀ ಕುಡಿಯುತ್ತ ನಿಂತಿದ್ದ ಟ್ಯಾಕ್ಸಿ ಡ್ರೈವರ್ ಒಬ್ಬ, "ಒಂದ್ಸಲ ಮೇಷ್ಟ್ರ ಹತ್ರ ತೋರ್ಸಿ ಮೇಡಂ. ಆದ್ರೆ ಊಟ ಮಾಡ್ಕೊಂಡು ಹೋಗ್ರಿ" ಎಂದ. ಊಟದ ಮಾತು ನನಗೆ ಆಗ ಅರ್ಥವಾಗಲಿಲ್ಲ.

ಅಂಗಡಿ ಎಂದರೆ ಎರಡು ತಗಡಿನ ಶೀಟು, ಒಂದು ಬೇವಿನ ಮರ. ಅರವತ್ತು ದಾಟಿದ, ತೆಳ್ಳಗೆ ಉದ್ದಕ್ಕಿದ್ದ ಮನುಷ್ಯ. ತಲೆಗೆ ಟವೆಲ್, ತುಟಿಗಳ ನಡುವೆ ಎರಡು ಸ್ಕ್ರೂ. ನಾನು ಕಾರಿನಿಂದ ಇಳಿದು, "ಸೆನ್ಸರ್ ಹೋಗಿದೆಯಂತೆ" ಎಂದು ಶುರುಮಾಡಿದೆ. ಅವರು ಬೆರಳೆತ್ತಿ ನಿಲ್ಲಿಸಿದರು. ಸ್ಕ್ರೂಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಹೇಳಿದರು:

"ಏನಾಗೈತೆ ಅಂತ ಹೇಳ್ಬೇಡ್ರಿ. ಏನ್ ಕಂಡ್ರಿ ಅಂತ ಹೇಳ್ರಿ."

"ಹಳದಿ ದೀಪ ಹತ್ತಿದೆ."

"ಯಾವಾಗ?"

"ಹೋದ ವಾರ."

"ಹೋದ ವಾರ ಏಳು ದಿನ ಇರ್ತಾವಲ್ರೀ. ಯಾವ ದಿನ? ಗಾಡಿ ಓಡ್ತಿತ್ತೋ, ನಿಂತಿತ್ತೋ? ರಸ್ತೆ ಹೆಂಗಿತ್ತು? ಗುಂಡಿ ಹಾರಿಸಿದ್ರಾ? ಹಿಂದಿನ ದಿನ ಗಾಡಿ ತೊಳ್ಸಿದ್ರಾ?"

ಒಂದು ಗಂಟೆ ಇದೇ ನಡೆಯಿತು. ಒಂದು ಪ್ರಶ್ನೆಗೆ ನಾನು "ಗೊತ್ತಿಲ್ಲ" ಎಂದರೆ, "ನಾಳೆ ನೆನೆಸ್ಕೊಂಡು ಬರ್ತೀರಾ?" ಎಂದು ಕೇಳಿದರು. ನನ್ನ ಆಸ್ಪತ್ರೆಯಲ್ಲಿ ಹಸುವಿನ ಮಾಲೀಕರನ್ನು ನಾನು ಹೀಗೆ ಕಾಡಿದರೆ ಅವರು ಹಸುವನ್ನು ಬಿಚ್ಚಿಕೊಂಡು ಹೋಗುತ್ತಾರೆ ಎಂದೆ. "ಅದ್ಕೇ ನಿಮ್ಮಲ್ಲಿ ಬೇಗ ಗುಣ ಆಗ್ತಾವೇನೋ" ಎಂದು ಮುಖ ಸಡಿಲಿಸದೆ ಹೇಳಿ, ಬಾನೆಟ್ ತೆಗೆದರು.

ಅವರ ಬಳಿ ಸ್ಕ್ಯಾನರ್ ಇತ್ತು. ಹಳೆಯದು, ಹಗ್ಗ ಸುತ್ತಿ ಗೂಟಕ್ಕೆ ತೂಗುಹಾಕಿದ್ದರು. "ಅದು ಹೆಸ್ರು ಹೇಳುತ್ತೆ, ಊರು ಹೇಳಲ್ಲ" ಎನ್ನುತ್ತಿದ್ದರು. ಅವರು ನೆಚ್ಚಿದ್ದು ಎರಡು ವೈರು ಕಟ್ಟಿದ ಒಂದು ಪುಟ್ಟ ಬಲ್ಬನ್ನು. ಅದನ್ನು ಅಲ್ಲಿ ಇಲ್ಲಿ ಮುಟ್ಟಿಸಿ ಎಲ್ಲಿವರೆಗೆ ಕರೆಂಟು ಬಂದಿದೆ ಎಂದು ನೋಡುವುದು.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ನಿನ ಕಂಪ್ಯೂಟರನ್ನೇ, ಅಂದರೆ ಬೆಲ್ಲದ ಅಚ್ಚಿನಷ್ಟಿದ್ದ ಒಂದು ತಗಡಿನ ಡಬ್ಬಿಯನ್ನು, ಪ್ಲಗ್ ಕಿತ್ತು ಸೀಟಿನ ಮೇಲಿಟ್ಟರು. ಆಮೇಲೆ ಕೀ ತಿರುಗಿಸಲು ಹೇಳಿದರು. ಎಂಜಿನ್ ಹೇಗೂ ಸ್ಟಾರ್ಟ್ ಆಗುವಂತಿರಲಿಲ್ಲ. ದೀಪ ಮಾತ್ರ ಹತ್ತಿತು.

"ನೋಡ್ರಿ, ದೀಪಕ್ಕೆ ಒಂದ್ ಕಡೆಯಿಂದ ಕರೆಂಟ್ ಬಂದೇ ಇರ್ತೈತೆ. ಇನ್ನೊಂದು ವೈರ್ ಈ ಡಬ್ಬಿಗೆ ಹೋಗ್ತೈತೆ. ಎಂಜಿನ್ನಾಗೆ ಏನಾದ್ರೂ ತೊಂದ್ರೆ ಕಂಡ್ರೆ ಡಬ್ಬಿ ಆ ವೈರನ್ನ ಅರ್ಥ್ ಮಾಡ್ತೈತೆ, ಅಂದ್ರೆ ಗಾಡಿ ಮೈಗೆ ಮುಟ್ಟಿಸ್ತೈತೆ. ದೀಪ ಹತ್ತುತ್ತೆ. ಈಗ ಡಬ್ಬೀನೇ ತೆಗ್ದಿಟ್ಟೀನಿ. ಆದ್ರೂ ಹತ್ತೈತೆ. ಅಂದ್ರೇನು?"

"ಏನು?"

"ನೀವ್ ಹೇಳ್ರಿ."

ನನಗೆ ಹಸಿವಾಗಿತ್ತು. ಟ್ಯಾಕ್ಸಿ ಡ್ರೈವರನ ಮಾತು ಆಗ ಅರ್ಥವಾಯಿತು. "ನೀವೇ ಹೇಳಬಾರದಾ?" ಎಂದು ಗದರಿದೆ. ಅವರು ಬೇವಿನ ಬುಡದಲ್ಲಿ ಕೂತು ಬಸಿಗೆ ಟೀ ಹುಯ್ದುಕೊಂಡು ನನ್ನ ಮುಖವನ್ನೇ ನೋಡುತ್ತ ಕಾದರು. ಕೊನೆಗೆ ನಾನೇ, "ಡಬ್ಬಿ ಮುಟ್ಟಿಸುತ್ತಿಲ್ಲ. ದಾರಿಯಲ್ಲಿ ಎಲ್ಲೋ ಆ ವೈರು ಗಾಡಿಯ ಮೈಗೆ ತಗುಲಿದೆ" ಎಂದೆ.

"ಹೂಂ. ಎಂಜಿನ್ ಗಟ್ಟಿಯಾಗೈತೆ. ದೂರು ಹೇಳೋ ವೈರಿಗೇ ಗಾಯ."

ಎಲ್ಲಿ ಎಂದು ಹುಡುಕುವ ಕೆಲಸ ಆಮೇಲೆ ಶುರುವಾಯಿತು. ಅವರ ಕೈಕೆಳಗೆ ಯಾರೂ ಕೆಲಸಕ್ಕೆ ನಿಲ್ಲುತ್ತಿರಲಿಲ್ಲವಾದ್ದರಿಂದ ಗಿರಾಕಿಗಳೇ ಸಹಾಯಕರು. ಎಣ್ಣೆ ಗಿರಣಿಯ ದೊಡ್ಡ ಸಾಹುಕಾರರೊಬ್ಬರನ್ನು ಒಂದು ಗಂಟೆ ಬ್ರೇಕ್ ಒತ್ತಿಕೊಂಡು ಕೂರಿಸಿದ್ದನ್ನು ನಾನೇ ಮುಂದೆ ಕಂಡಿದ್ದೇನೆ. ಅಂದು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ದೀಪದ ಮೇಲೆ ಕಣ್ಣಿಡಲು ಹೇಳಿದರು. ತಾವು ಪಕ್ಕದ ಸೀಟಿನ ಕಡೆಯಿಂದ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ತೂರಿಕೊಂಡರು. ಎರಡು ಕಾಲು ಬಾಗಿಲಿನಾಚೆ. ಒಳಗಿನಿಂದ ಒಂದೊಂದೇ ವೈರನ್ನು ಅಲ್ಲಾಡಿಸುತ್ತ ಕೇಳುತ್ತಿದ್ದರು:

"ಆರಿತಾ?"

"ಇಲ್ಲ."

"ಆರಿತಾ?"

"ಇಲ್ಲ ಮೇಷ್ಟ್ರೇ."

"ಈಗ?"

"ಇಲ್ಲ ಅಂದೆನಲ್ಲ!"

"ಕೋಪ ಮಾಡ್ಕೊಂಡ್ರೆ ಕಣ್ಣು ಮಿಟುಕಿಸ್ತೀರಿ. ದೀಪ ಒಂದ್ ಗಳಿಗೆ ಆರಿ ಹತ್ತಿದ್ರೂ ನನಗೆ ಬೇಕು."

ಹೀಗೆ ಎರಡು ತಾಸು. ಕೊನೆಗೊಮ್ಮೆ ದೀಪ ಪಟ್ಟನೆ ಆರಿತು. ನಾನು ಕೂಗಿದೆ. ಡ್ಯಾಶ್‌ಬೋರ್ಡಿನ ಅಡಿಯಿಂದ "ದೊರಿಕಿಂದಿ!" ಎಂಬ ಕೂಗು ಬಂತು. ಅವರು ಮೊಳಕಾಲ್ಮುರಿನವರು, ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ತಪ್ಪು ಸಿಕ್ಕಿದ ಗಳಿಗೆ ಮಾತ್ರ ಅಂಗಡಿಯಲ್ಲೂ ತೆಲುಗು ಬಾಯಿಗೆ ಬರುತ್ತಿತ್ತು. ಎಂಜಿನ್ ಕಡೆಯಿಂದ ವೈರುಗಳ ಕಟ್ಟು ಒಳಗೆ ಬರುವ ತೂತಿನ ಸುತ್ತ ಒಂದು ರಬ್ಬರ್ ಬಳೆ ಇರಬೇಕು. ಹಿಂದಿನ ಮಾಲೀಕರು ಹಾಡು ಕೇಳುವ ಸೆಟ್ ಹಾಕಿಸಿದಾಗ ಅದು ಬಿದ್ದುಹೋಗಿತ್ತು. ತಗಡಿನ ಅಂಚು ಆ ಒಂದು ವೈರಿನ ಚರ್ಮ ಸವೆಸಿತ್ತು, ಎಳ್ಳಿನಷ್ಟು ಜಾಗದಲ್ಲಿ. ನನ್ನ ಒಂದು ದಿನ, ಎರಡು ಹೊಸ ಸೆನ್ಸರ್, ಮೂವರು ಮೆಕ್ಯಾನಿಕ್‌ಗಳು ಆ ಎಳ್ಳಿನಷ್ಟಕ್ಕೆ ಆಹುತಿಯಾಗಿದ್ದರು.

ಹೊರಡುವಾಗ ಒಂದು ಪಾಠ ಹೇಳಿದರು. "ಕೀ ತಿರುಗಿಸಿದಾಗ ದೀಪ ಹತ್ಬೇಕು, ಸ್ಟಾರ್ಟ್ ಆದ್ಮೇಲೆ ಆರ್ಬೇಕು. ಜನ ಆರಿತಾ ಅಂತ ಮಾತ್ರ ನೋಡ್ತಾರೆ. ಹತ್ತಿತಾ ಅಂತ ನೋಡ್ರಿ. ಹತ್ತದೇ ಇರೋ ದೀಪಕ್ಕೆ ಹೆದರ್ಬೇಕು." ನಾನು ಹೂಂಗುಟ್ಟಿ ಓಡಿದೆ.

ಮೂರು ತಿಂಗಳಾದ ಮೇಲೆ ದೀಪ ಮತ್ತೆ ಬಂತು. ಈ ಸಲ ಬಂದು ಹೋಗಿ ಮಾಡುತ್ತಿತ್ತು. ಬಿಸಿಲಿನಲ್ಲಿ ದೂರ ಓಡಿಸಿದರೆ ಎಂಜಿನ್ ಒಮ್ಮೊಮ್ಮೆ ಬಿಕ್ಕಳಿಸಿ, ದೀಪ ಹತ್ತುತ್ತಿತ್ತು. ಮೇಷ್ಟ್ರ ಅಂಗಡಿ ಮುಟ್ಟುವಷ್ಟರಲ್ಲಿ ಎಲ್ಲ ಸರಿ. ಅವರು ಗಾಡಿಯನ್ನು ಮೂರು ದಿನ ಇಟ್ಟುಕೊಂಡರು. ನಾಲ್ಕನೆಯ ದಿನ ಹೋದರೆ, "ನನ್ ಮುಂದೆ ಒಂದ್ಸಲಾನೂ ಬಿಕ್ಕಳಿಸ್ಲಿಲ್ಲ. ಇನ್ನೊಂದ್ ವಾರ ಬಿಡ್ರಿ" ಎಂದರು.

"ಸ್ಕ್ಯಾನರ್ ಏನು ಹೇಳುತ್ತೆ?"

"ಎಂಜಿನ್ ತಿರುಗೋದನ್ನ ನೋಡೋ ಸೆನ್ಸರ್ ಹೆಸ್ರು ಹೇಳ್ತೈತೆ."

"ಅದನ್ನು ಬದಲಾಯಿಸಿ ಹಾಗಾದರೆ."

"ಸೆನ್ಸರ್ ಚೆನ್ನಾಗೈತೆ, ಅಳ್ದು ನೋಡೀನಿ. ಚೆನ್ನಾಗಿರೋದನ್ನ ಯಾಕೆ ಬದ್ಲಾಯಿಸ್ಲಿ? ಎರಡು ಸಲ ಬದ್ಲಾಯಿಸಿದ್ರಲ್ಲ, ಏನಾತು?"

ಅದೇ ಹೊತ್ತಿಗೆ ಗಡಿಯಾಚೆ ಆಂಧ್ರದ ಕಡೆಯ ಮಂದೆಗಳಲ್ಲಿ ಕುರಿಗಳಿಗೆ ಜ್ವರ, ಭೇದಿಯ ಒಂದು ಕೆಟ್ಟ ರೋಗ ಕಾಣಿಸಿಕೊಂಡಿತ್ತು. ಬಂದರೆ ಅರ್ಧ ಮಂದೆಯನ್ನು ಒರೆಸಿಕೊಂಡು ಹೋಗುವ ರೋಗ. ನಾವು ಊರೂರು ಸುತ್ತಿ ಲಸಿಕೆ ಹಾಕಬೇಕಿತ್ತು. ಒಂದು ವಾರ ಗಾಡಿಯಿಲ್ಲದೆ ಇರುವ ಮಾತೇ ಇರಲಿಲ್ಲ. ನಾನು ಕೀ ಕಸಿದುಕೊಂಡಂತೆ ತೆಗೆದುಕೊಂಡು ಬಂದೆ. ಬಂದವಳು ನೇರ ಆ ಮೂರನೆಯ ಪ್ರಾಮಾಣಿಕ ಮೆಕ್ಯಾನಿಕ್‌ನಲ್ಲಿಗೆ ಹೋಗಿ, "ಆ ದೀಪ ಕಿತ್ತುಹಾಕಪ್ಪ" ಎಂದೆ. ಹತ್ತು ನಿಮಿಷದಲ್ಲಿ ಕಿತ್ತು ನನ್ನ ಅಂಗೈಯಲ್ಲಿಟ್ಟ. ಕಡಲೆಕಾಳಿನಷ್ಟು ಬಲ್ಬು. ಅದನ್ನು ಪರ್ಸಿನಲ್ಲಿ ಹಾಕಿಕೊಂಡು ಹೊರಟಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಸಮಾಧಾನ ಎಂಟು ದಿನ ಇತ್ತು.

ಒಂಬತ್ತನೆಯ ದಿನ ಗೌರಸಮುದ್ರದಾಚೆಯ ಒಂದು ಬೀಳು ಹೊಲದಲ್ಲಿ ಮೂರು ಮಂದೆಗಳು ನನಗಾಗಿ ಕಾದಿದ್ದವು. ಗಡಿಯ ಕಡೆಯಿಂದಲೇ ಬಂದ ಮಂದೆಗಳು. ಮಧ್ಯಾಹ್ನದ ಮೇಲೆ ಅವು ಅಲ್ಲಿಂದ ಏಳಬೇಕು. ಮುಂದಿನೂರಿನಲ್ಲಿ ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ತರುಬಲು, ಅಂದರೆ ರಾತ್ರಿ ತಂಗಿಸಲು, ಮಾತಾಗಿತ್ತು, ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಅಂದು ನಮ್ಮ ಕಾಂಪೌಂಡರ್ ರಜೆ. ಐಸ್ ತುಂಬಿದ ಡಬ್ಬಿಯಲ್ಲಿ ಲಸಿಕೆ ಇಟ್ಟುಕೊಂಡು ಒಬ್ಬಳೇ ಹೊರಟಿದ್ದೆ. ಇನ್ನೂ ಹತ್ತು ಕಿಲೋಮೀಟರ್ ಇದೆ ಎನ್ನುವಾಗ ಎಂಜಿನ್ ಒಮ್ಮೆ ಬಿಕ್ಕಳಿಸಿ ನಿಂತೇಹೋಯಿತು. ಎಷ್ಟು ತಿರುಗಿಸಿದರೂ ಸ್ಟಾರ್ಟ್ ಆಗಲಿಲ್ಲ.

ಎದುರಿನಿಂದ ಒಂದು ಟ್ರ್ಯಾಕ್ಟರ್ ಬಂತು. ನನಗೆ ಬೇಕಾದ ದಿಕ್ಕಿನಲ್ಲಿ ಏನೂ ಬರಲಿಲ್ಲ. ಕುರಿಗಾಹಿಗಳಿಗೆ ಫೋನ್ ಮಾಡಿದೆ. ಅವರಲ್ಲಿ ಹಿರಿಯನೊಬ್ಬ, "ನಮ್ಮತ್ರ ಗಾಡಿ ಎಲ್ಲೈತೆ ತಾಯಿ? ಹೊತ್ತು ನೆತ್ತಿಗೆ ಬರೋತನಕ ಕಾಯ್ತೀವಿ. ಆಮ್ಯಾಕೆ ಆಗಕ್ಕಿಲ್ಲ" ಎಂದ. ಡಬ್ಬಿಯ ಮುಚ್ಚಳ ತೆಗೆದು ನೋಡಲು ಧೈರ್ಯವಿಲ್ಲ; ತೆಗೆದಷ್ಟೂ ಐಸ್ ಬೇಗ ಕರಗುತ್ತದೆ. ಬೇರೆ ದಾರಿ ಕಾಣದೆ ಮೇಷ್ಟ್ರಿಗೆ ಫೋನ್ ಮಾಡಿದೆ. ಫೋನ್ ಎತ್ತದ ಮನುಷ್ಯ ಅಂದು ಎತ್ತಿದರು.

"ದೀಪ ಹತ್ತಿತ್ತಾ?" ಮೊದಲ ಪ್ರಶ್ನೆ.

"ಇಲ್ಲ" ಎಂದೆ. ಸುಳ್ಳಲ್ಲ, ನಿಜವೂ ಅಲ್ಲ.

ಒಂದು ತಾಸಿನೊಳಗೆ ಅವರ ಹಳೆಯ ಮೊಪೆಡ್ ಧೂಳೆಬ್ಬಿಸಿಕೊಂಡು ಬಂತು. ಹ್ಯಾಂಡಲ್ಲಿಗೆ ಸಾಮಾನಿನ ಚೀಲ. ಬಂದವರೇ ಕಾರಿನೊಳಗೆ ಕೂತು ಕೀ ತಿರುಗಿಸಿದರು. ಬೋರ್ಡಿನ ಮೇಲೆ ಎಲ್ಲ ದೀಪ ಹತ್ತಿದವು, ಅದೊಂದನ್ನು ಬಿಟ್ಟು. ಅವರು ಕತ್ತು ತಿರುಗಿಸಿ ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ. ಈಗ ಶುರುವಾಗುತ್ತದೆ ಎಂದುಕೊಂಡೆ: ಯಾವಾಗ ಕೀಳಿಸಿದ್ರಿ, ಯಾಕೆ ಕೀಳಿಸಿದ್ರಿ, ನೀವೇ ಹೇಳ್ರಿ.

ಅವರು ಇಳಿದು ಕೇಳಿದ್ದು ಬೇರೆ. "ಆ ಡಬ್ಬಿಯಾಗಿರೋ ಔಸ್ದಿ ಎಷ್ಟೊತ್ತು ತಡೀತೈತೆ?"

"ಇನ್ನೊಂದು ಎರಡು ಗಂಟೆ. ಹೆಚ್ಚೆಂದರೆ ಮೂರು."

"ಕಾರು ಎಲ್ಲೂ ಹೋಗಲ್ಲ. ಕುರಿ ಹೋಗ್ತಾವೆ. ಹತ್ರಿ."

ಸಾಮಾನಿನ ಚೀಲವನ್ನು ನನ್ನ ಕಾರಿನೊಳಗೆ ಎಸೆದು ಬೀಗ ಹಾಕಿದರು. ಕೈಯಲ್ಲಿ ಹಿಡಿದ ಗಾಡಿಯ ತಪ್ಪನ್ನು ಬಿಟ್ಟು ಅವರು ಎದ್ದು ಹೋದದ್ದನ್ನು ಅದಕ್ಕೆ ಮುಂಚೆಯೂ ಆಮೇಲೂ ನಾನು ಕಂಡಿಲ್ಲ. ಮೊಪೆಡ್ಡಿನ ಹಿಂದೆ ಐಸ್ ಡಬ್ಬಿಯನ್ನು ತಬ್ಬಿಕೊಂಡು ಕೂತೆ. ಹತ್ತು ಕಿಲೋಮೀಟರ್ ದಾರಿಯಲ್ಲಿ ಅವರು ಒಂದು ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಂದೆಗಳು ಹೊರಡಲು ಎದ್ದು ನಿಂತಿದ್ದವು. ಕಂಬಳಿ ಹೆಗಲಿಗೇರಿತ್ತು, ನಾಯಿಗಳು ಮುಂದಕ್ಕೆ ಓಡಾಡುತ್ತಿದ್ದವು. ಮೇಷ್ಟ್ರು ಹಿರಿಯನೊಡನೆ ತೆಲುಗಿನಲ್ಲಿ ಏನೋ ಹೇಳಿದರು. ಹಿರಿಯ ಒಂದು ಗಳಿಗೆ ಸೂರ್ಯನನ್ನೂ ನನ್ನನ್ನೂ ನೋಡಿ, ಕಂಬಳಿಯನ್ನು ಮತ್ತೆ ನೆಲಕ್ಕೆ ಹಾಕಿದ. ನಾನು ಸಿರಿಂಜ್ ತೆಗೆದು ಕೆಲಸ ಶುರುಮಾಡಿದೆ. ಒಬ್ಬೊಬ್ಬರು ಒಂದೊಂದು ಕುರಿ ಹಿಡಿದು ತರಬೇಕು. ಜನ ಕಡಿಮೆ. ನೋಡುತ್ತೇನೆ, ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಮಂದೆಯೊಳಗೆ ನುಗ್ಗಿದ್ದಾರೆ. ಹಿಂಗಾಲನ್ನು ಗಪ್ಪೆಂದು ಹಿಡಿದು, ಮೊಣಕಾಲಿನ ನಡುವೆ ಕುರಿಯನ್ನು ಸಿಕ್ಕಿಸಿಕೊಂಡು, ಕಿವಿಯ ಬುಡ ನೀವುತ್ತ ನನ್ನ ಮುಂದೆ ನಿಲ್ಲಿಸುತ್ತಿದ್ದರು. ಕುರಿ ಒದರುತ್ತಲೇ ಇರಲಿಲ್ಲ.

"ಇದೆಲ್ಲಿ ಕಲಿತ್ರಿ?"

"ನಮ್ಮಪ್ಪ ಕುರಿ ಕಾಯ್ತಿದ್ದ. ಹದಿನಾಲ್ಕು ವರ್ಷದತನಕ ನಾನೂ ಕಾದೀನಿ." ಅಷ್ಟು ವರ್ಷದ ಪರಿಚಯದಲ್ಲಿ ಅವರು ತಮ್ಮ ಬಗ್ಗೆ ಹೇಳಿದ ಮಾತು ಅದೊಂದೇ ಇರಬೇಕು.

ಕೊನೆಯ ಕುರಿಗೆ ಚುಚ್ಚುವಾಗ ಡಬ್ಬಿಯಲ್ಲಿ ಐಸಿಗಿಂತ ನೀರೇ ಹೆಚ್ಚಿತ್ತು. ಆದರೆ ನೀರು ಕೈ ಕೊರೆಯುವಷ್ಟು ತಣ್ಣಗಿತ್ತು. ಆ ಮೂರು ಮಂದೆಗಳಿಗೆ ರೋಗ ಬರಲಿಲ್ಲ. ನನ್ನ ಲಸಿಕೆ ತಲುಪದೆ ಹೋದ ಬೇರೊಂದು ಮಂದೆಯಲ್ಲಿ ಏನಾಯಿತೆಂಬುದನ್ನು ಆಮೇಲೆ ಕಂಡೆ. ಆ ಮಾತು ಇಲ್ಲಿ ಬೇಡ.

ಮೂರು ಗಂಟೆಯ ಸುಮಾರಿಗೆ ಕಾರಿನ ಬಳಿ ವಾಪಸು ಬಂದೆವು. ಅವರು ಕೀ ತಿರುಗಿಸಿದರು. ದರಿದ್ರದ್ದು, ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನಾನು ನಿಟ್ಟುಸಿರು ಬಿಟ್ಟೆ. ಮೇಷ್ಟ್ರ ಮುಖ ಬಾಡಿತು. "ಸ್ಟಾರ್ಟ್ ಆಗ್ಬಾರ್ದಿತ್ತು" ಎಂದರು. ಎಂಜಿನ್ ಓಡುತ್ತಲೇ ಇರಲಿ ಎಂದು ಬಿಟ್ಟು, ಬಾನೆಟ್ ಮುಚ್ಚಿ, ಬಿಸಿಯೇರುವುದನ್ನು ಕಾಯುತ್ತ ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತರು. ಆಗ ಕೇಳಿದರು.

"ದೀಪ ಯಾಕೆ ಕೀಳಿಸಿದ್ರಿ?"

ಬೆಳಗಿನಿಂದ ತಡೆದುಕೊಂಡದ್ದೆಲ್ಲ ಹೊರಗೆ ಬಂತು. "ಮತ್ತೇನು ಮಾಡಬೇಕಿತ್ತು ಮೇಷ್ಟ್ರೇ? ನಿಮ್ಮ ಹತ್ತಿರ ತಂದರೆ ಮೂರು ದಿನ, ಒಂದು ವಾರ. ಕೇಳಿದರೆ ಇನ್ನೊಂದು ಪ್ರಶ್ನೆ. ನನಗೆ ಕೆಲಸವಿಲ್ಲವಾ? ಕುರಿಗಳು ನಿಮಗೋಸ್ಕರ ಕಾಯುತ್ತವಾ? ಎಲ್ಲರಿಗೂ ನಿಮ್ಮಷ್ಟು ಪುರುಸೊತ್ತು ಎಲ್ಲಿದೆ? ಆ ದೀಪ ಕಂಡರೆ ನೀವು ನೆನಪಾಗುತ್ತಿದ್ದಿರಿ. ಅದಕ್ಕೇ ಕೀಳಿಸಿದೆ!"

ಅವರು ನೆಲದ ಮೇಲಿನ ಒಂದು ಕಲ್ಲನ್ನು ಎತ್ತಿ ಅತ್ತಿತ್ತ ಹೊರಳಿಸಿದರು. "ಹಂಗಾರೆ ಅರ್ಧ ತಪ್ಪು ನಂದು" ಎಂದರು. "ನಾನು ಬೇಗ ಮಾಡ್ಕೊಟ್ಟಿದ್ರೆ ನೀವು ಕೀಳಿಸ್ತಿರ್ಲಿಲ್ಲ."

ಜಗಳಕ್ಕೆಂದು ಎತ್ತಿದ್ದ ನನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಎಂಜಿನ್ ಬಿಕ್ಕಳಿಸಿ ನಿಂತಿತು. ಮೇಷ್ಟ್ರು ಮದುವೆಮನೆಯ ವಾಲಗ ಕೇಳಿದವರಂತೆ ಎದ್ದು ಓಡಿದರು. ಹತ್ತು ನಿಮಿಷದಲ್ಲಿ "ದೊರಿಕಿಂದಿ" ಕೇಳಿಬಂತು. ಸೆನ್ಸರ್ ಚೆನ್ನಾಗಿಯೇ ಇತ್ತು. ಅದಕ್ಕೆ ಸಿಕ್ಕಿಸುವ ಪ್ಲಗ್ಗು ಹೊಗೆಕೊಳವೆಯ ಶಾಖಕ್ಕೆ ಮೆತ್ತಗಾಗಿ, ಒಳಗಿನ ಒಂದು ಪಿನ್ನು ಬಿಸಿಯಾದಾಗ ಹಿಂದಕ್ಕೆ ಸರಿಯುತ್ತಿತ್ತು, ತಣ್ಣಗಾದರೆ ಕೂಡುತ್ತಿತ್ತು. ಪಿನ್ನನ್ನು ಬಿಗಿಮಾಡಿ, ವೈರನ್ನು ಕೊಳವೆಯಿಂದ ದೂರಕ್ಕೆಳೆದು ಕಟ್ಟಿದರು. ಆಮೇಲೆ ಕೈ ಒಡ್ಡಿದರು. "ಬಲ್ಬ್ ಕೊಡ್ರಿ."

"ಯಾವ ಬಲ್ಬು?"

"ನೀವು ಬಿಸಾಕೋರಲ್ಲ. ಪರ್ಸಾಗೈತೆ, ತೆಗೀರಿ."

ತೆಗೆದುಕೊಟ್ಟೆ. ಅವರು ಬೋರ್ಡ್ ಬಿಚ್ಚಿ ಬಲ್ಬನ್ನು ಅದರ ಜಾಗದಲ್ಲಿ ಕೂರಿಸಿ, ನನ್ನ ಕೈಗೆ ಕೀ ಕೊಟ್ಟು ತಿರುಗಿಸಲು ಹೇಳಿದರು. ಹತ್ತಿತು. ಸ್ಟಾರ್ಟ್ ಮಾಡಿದೆ. ಆರಿತು. "ಹೋಗ್ರಿ" ಎಂದರು. ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೊಪೆಡ್ ಹೊರಟುಹೋಗಿತ್ತು.

ಆಮೇಲೆ ಅವರು ಬದಲಾದರು ಎಂದು ಬರೆಯಲು ಆಸೆ. ಬದಲಾದದ್ದು ಇಷ್ಟೇ: ನನಗೊಬ್ಬಳಿಗೆ ಟೈಮ್ ಹೇಳತೊಡಗಿದರು. "ಸಂಜೆ ನಾಲ್ಕಕ್ಕೆ ಕೊಡ್ತೀನಿ ಡಾಕ್ಟ್ರಮ್ಮ." ನಾಲ್ಕಕ್ಕೆ ಹೋದರೆ ಗಾಡಿಯ ಒಳಗಿದ್ದದ್ದೆಲ್ಲ ಹೊರಗೆ ಹರಡಿರುತ್ತಿತ್ತು. ಡ್ಯಾಶ್‌ಬೋರ್ಡಿನ ಕೆಳಗಿನಿಂದ, "ನಾಲ್ಕಾತಾ?" ಎಂಬ ಆಶ್ಚರ್ಯದ ದನಿ. ಜಗಳ ಮಾಡುತ್ತಿದ್ದೆ. ಮತ್ತೆ ಅವರಲ್ಲಿಗೇ ಹೋಗುತ್ತಿದ್ದೆ.

ಎರಡು ವರ್ಷದ ಕೆಳಗೆ ಅವರ ಕಣ್ಣಿಗೆ ಪೊರೆ ಬಂತು. ತೆಗೆಸಿದ ಮೇಲೂ ಸಣ್ಣ ವೈರುಗಳ ಬಣ್ಣ ಸರಿಯಾಗಿ ತಿಳಿಯುತ್ತಿರಲಿಲ್ಲ. ಒಂದು ದಿನ ಕಂದು ವೈರನ್ನು ಕೆಂಪೆಂದು ತಿಳಿದು ಜೋಡಿಸಿ ಒಬ್ಬರ ಗಾಡಿಯ ಫ್ಯೂಸ್ ಸುಟ್ಟಿತು. ಫ್ಯೂಸು ಅಷ್ಟೇ, ಬೇರೇನೂ ಹಾಳಾಗಲಿಲ್ಲ. ಅವರು ಆ ಸಂಜೆಯೇ ಅಂಗಡಿಗೆ ಬೀಗ ಹಾಕಿ ಮೊಳಕಾಲ್ಮುರಿನ ಬಸ್ಸು ಹತ್ತಿದರು, ಮತ್ತೆ ತೆರೆಯಲಿಲ್ಲ. ಅಷ್ಟು ವರ್ಷ ದಿನಾ ಬೆಳಿಗ್ಗೆ ಅಲ್ಲಿಂದ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದರು ಎಂಬುದೇ ನನಗೆ ಆಗ ತಿಳಿದದ್ದು.

ಸಾವಿನ ಸುದ್ದಿ ತಿಳಿದ ವಾರದ ಭಾನುವಾರ ನಾನು ಮೊಳಕಾಲ್ಮುರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ರೇಷ್ಮೆ ಸೀರೆ ನೇಯುವವರ ಬೀದಿ. ಮಗಳು ಮಗ್ಗದಲ್ಲಿದ್ದಳು. ಲಾಳಿಯ ಸದ್ದು ನಿಂತಿತು. ಒಳಗಿನಿಂದ ಅವರ ಹೆಂಡತಿ ಬಂದರು. ಗಿಡ್ಡಗೆ, ದುಂಡಗೆ, ಕಣ್ಣು ಚುರುಕು.

"ಕುರಿ ಡಾಕ್ಟ್ರು ನೀನೇನಾ ತಾಯಿ? ಜಗಳ ಮಾಡೋಳು?"

"ಹೂಂ ಅಮ್ಮಾ, ನಾನೇ."

"ಕೂತ್ಕೋ. ನನ್ ಬಿಟ್ರೆ ಆಯಪ್ಪನ ಜತೆ ಜಗಳ ಮಾಡಿದೋಳು ನೀನೊಬ್ಳೇ ಅಂತೆ. ಹೇಳ್ತಿದ್ದ."

ನೀರು ಕೊಟ್ಟು ಎದುರಿಗೆ ಕೂತರು. ಇಬ್ಬರೂ ಅಳಬೇಕಿತ್ತೇನೋ. ನಾವು ದೂರತೊಡಗಿದೆವು. ನಾನು ಒಂದು ಹೇಳಿದರೆ ಅವರು ಎರಡು ಹೇಳುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾಗಿದೆಯಾ ಎಂದು ಕೇಳಿದರೆ ಮೇಷ್ಟ್ರು, "ನೀನೇನ್ ಹಾಕ್ದೆ ಅಂತ ಹೇಳು" ಎನ್ನುತ್ತಿದ್ದರಂತೆ. ಎದೆ ಹಿಡಿದುಕೊಂಡು ಕೂತಾಗಲೂ ಆಸ್ಪತ್ರೆಗೆ ನಡಿ ಎಂದರೆ, "ತಡಿ, ಎಲ್ಲಿ ನೋಯ್ತೈತೆ ಅಂತ ಮೊದ್ಲು ನೋಡ್ತೀನಿ" ಎಂದರಂತೆ. ಮಗಳು ಮಗ್ಗದಿಂದಲೇ, "ಅವ್ವಾ, ಸಾಕು ಬಿಡು" ಎಂದಳು.

ನಾನು ಎದ್ದಾಗ ಅವರು ಬಾಗಿಲವರೆಗೆ ಬಂದು ಬೀದಿಯಲ್ಲಿ ನಿಂತಿದ್ದ ಕಾರನ್ನು ನೋಡಿದರು. "ಇದೇನಾ ಆ ಗಾಡಿ?"

"ಇದೇ."

"ಊರಿನ ಕಾರೆಲ್ಲಾ ರಿಪೇರಿ ಮಾಡ್ದ. ನನ್ನ ಒಂದಿನಾದ್ರೂ ಒಂದ್ರಾಗೆ ಕೂರಿಸ್ಕಂಡು ಹೋದನಾ ಕೇಳು. ಗಿರಾಕಿ ಗಾಡಿ, ಮುಟ್ಬಾರ್ದು ಅಂತಿದ್ದ."

"ಬನ್ನಿ ಅಮ್ಮಾ, ಒಂದು ಸುತ್ತು ಹೋಗಿಬರೋಣ."

ಮಗಳು, "ಇನ್ನೂ ತಿಂಗ್ಳಾಗಿಲ್ಲವ್ವಾ, ಜನ ಏನಂತಾರೆ?" ಎಂದಳು. ಅವರು, "ಜನ ಆಯಪ್ಪನ ಕಟ್ಕಂಡು ಬಾಳಿದ್ರಾ?" ಎಂದು ಸೆರಗು ಹೊದ್ದುಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು.

ಊರು ದಾಟಿ ಬ್ರಹ್ಮಗಿರಿಯ ಕಡೆಯ ರಸ್ತೆಗೆ ಬಿಟ್ಟೆ. ಎರಡು ಕಡೆ ಬಂಡೆ, ನಡುವೆ ಶೇಂಗಾ ಹೊಲ. ಸ್ವಲ್ಪ ದೂರ ಅವರು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಹೊರಗೆ ನೋಡಿದರು. ಆಮೇಲೆ ಕೇಳಿದರು: "ಇದ್ರಾಗೆ ಆಯಪ್ಪ ಎಲ್ಲಿ ಕೆಲ್ಸ ಮಾಡ್ತಿದ್ದ?"

ನಾನು ಅವರ ಕಾಲಿನ ಮುಂದೆ, ಡ್ಯಾಶ್‌ಬೋರ್ಡಿನ ಅಡಿ ತೋರಿಸಿದೆ. ಅವರು ಮುಂದಕ್ಕೆ ಬಾಗಿ ಇಣುಕಿದರು. ಕೈ ಒಳಗೆ ಹಾಕಿ ಆ ಸಂದಿಯನ್ನು ಗೇಣಿನಿಂದ ಅಳೆದರು. 

"ಇಷ್ಟರಾಗೇನಾ? ಅಷ್ಟುದ್ದದ ಮನುಷ್ಯ?"

"ಹೂಂ ಅಮ್ಮಾ. ಅಂಗಾತ ಮಲಗಿ ತೂರಿಕೊಳ್ಳುತ್ತಿದ್ದರು. ಕೆಲವು ದಿನ ನಾಲ್ಕೈದು ತಾಸು."

ಅವರು ಇನ್ನೊಮ್ಮೆ ಗೇಣು ಹಾಕಿ ಅಳೆದರು.

"ಮನೇಗೆ ಬಂದ್ರೆ ನಡುಮನೆ ತುಂಬ ಕೈಕಾಲು ಚಾಚ್ಕಂಡು ಅಡ್ಡಡ್ಡ ಮಲಗ್ತಿದ್ದ" ಎಂದರು. "ಮಗ್ಗದ ಕಡೆ ಓಡಾಡೋಕೆ ಜಾಗ ಬಿಡ್ತಿರ್ಲಿಲ್ಲ. ನಲವತ್ತು ವರ್ಷ ಬೈದೆ ತಾಯಿ, ಕಾಲು ಮುದುರ್ಕೋ, ಕಾಲು ಮುದುರ್ಕೋ ಅಂತ."

ಅವರ ಕೈ ಇನ್ನೂ ಆ ಸಂದಿಯೊಳಗೇ ಇತ್ತು. ಗಾಡಿ ತಿರುಗಿಸಬೇಕೆಂದುಕೊಂಡಿದ್ದ ಜಾಗ ಬಂತು. ನಾನು ತಿರುಗಿಸದೆ ಮುಂದಕ್ಕೆ ಬಿಟ್ಟೆ.